ಯಾರ ಬೆರಳಿಗೆ ಹಾಕಿ ನೋಡಿದಿರಿ?

ಲಂಡನ್ನಿನ ಅಂಚಿನಲ್ಲಿರುವ ಪಿನ್ನರ್‌ನ ಸಭಾಂಗಣದಲ್ಲಿ ಯುಗಾದಿಗೋ ರಾಜ್ಯೋತ್ಸವಕ್ಕೋ ಕನ್ನಡದವರು ಸೇರಿದಾಗ, ಊಟದ ಸಾಲಿನಲ್ಲಿ ಯಾರಾದರೂ ತಮ್ಮ ಮಗನನ್ನೋ ಮಗಳನ್ನೋ ನನ್ನ ಮುಂದೆ ತಂದು ನಿಲ್ಲಿಸುತ್ತಾರೆ. "ಇವನಿಗೆ ಆಸ್ಪತ್ರೆ ಮಷೀನುಗಳ ಎಂಜಿನಿಯರಿಂಗ್ ಓದಬೇಕಂತೆ, ಸ್ವಲ್ಪ ಹೇಳಿ ಸಾರ್." ನಾನು ಕನ್ನಡದಲ್ಲಿ ಹೇಳುತ್ತೇನೆ, ಮಕ್ಕಳು ಇಂಗ್ಲಿಷಿನಲ್ಲಿ ತಲೆಯಾಡಿಸುತ್ತಾರೆ. ಅಷ್ಟರಲ್ಲಿ ಹೋಳಿಗೆ ಬರುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಹಾಗೆ ಅರ್ಧಕ್ಕೆ ನಿಂತ ಮಾತನ್ನು ಇಲ್ಲಿ ಬರೆದು ಮುಗಿಸುತ್ತಿದ್ದೇನೆ. ಯಾವ ವರ್ಷ ಯಾವ ಬಡ್ತಿ ಸಿಕ್ಕಿತು ಎಂದೆಲ್ಲ ಬರೆಯುವುದಿಲ್ಲ. ಅದರಲ್ಲಿ ನನ್ನ ಹೆಂಡತಿಗೇ ಆಸಕ್ತಿ ಇರಲಿಲ್ಲ, ನಿಮಗೆ ಎಲ್ಲಿಂದ ಬರಬೇಕು?

ನಾನು ಧಾರವಾಡದವನು, ಹೆಸರು ಹಿರೇಮಠ. ಪಶ್ಚಿಮ ಲಂಡನ್ನಿನ ಒಂದು ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ನಮ್ಮ ವರ್ಕ್‌ಶಾಪ್ ಇತ್ತು. ಮೇಲಿನ ವಾರ್ಡುಗಳಲ್ಲಿ ಕೆಟ್ಟ ಯಂತ್ರಗಳೆಲ್ಲ ಅಲ್ಲಿಗೆ ಬರುತ್ತಿದ್ದವು. ಹೃದಯ ಬಡಿತ ತೋರಿಸುವ ಮಾನಿಟರು, ಔಷಧಿಯನ್ನು ಹನಿಹನಿಯಾಗಿ ಬಿಡುವ ಪಂಪು, ರಕ್ತದೊತ್ತಡದ ಯಂತ್ರ, ಒಮ್ಮೊಮ್ಮೆ ನರ್ಸುಗಳ ಚಹಾದ ಕೆಟಲ್ಲು. ಕಿಟಕಿ ಇಲ್ಲ, ಬೆಸುಗೆಯ ಹೊಗೆಯ ವಾಸನೆ, ಗೋಡೆಯೊಳಗೆ ಸದಾ ಗುಡುಗುಡು ಎನ್ನುವ ನೀರಿನ ಪೈಪು. ನನಗೆ ಅದು ಬಹಳ ಇಷ್ಟವಾದ ಜಾಗ.

ಮೊದಲ ಪಾಠ ಸೇರಿದ ಹೊಸದರಲ್ಲೇ ಆಯಿತು. ಒಂದು ವಾರ್ಡಿನ ಇಸಿಜಿ ಯಂತ್ರದ ಗೆರೆ ಮಧ್ಯಾಹ್ನವಾದರೆ ಕುಣಿಯುತ್ತದೆ ಎಂದು ದೂರು ಬಂತು. ಕೆಳಗೆ ತರಿಸಿ ಪೂರ್ತಿ ಬಿಚ್ಚಿದೆ, ಜೋಡಿಸಿದೆ, ಕಳಿಸಿದೆ. ಮತ್ತೆ ವಾಪಸು ಬಂತು. ಮತ್ತೆ ಬಿಚ್ಚಿದೆ. ಕೊನೆಗೆ ನಮ್ಮ ಮುಖ್ಯಸ್ಥ ಪಾರ್ಕರ್, ಚಹಾ ಕಪ್ಪು ಕೆಳಗಿಡದೆಯೇ ನನ್ನನ್ನು ಮೇಲಕ್ಕೆ ಕರೆದುಕೊಂಡು ಹೋದರು. ಊಟವಾದ ಮೇಲೆ ಪಕ್ಕದ ಹಾಸಿಗೆಯ ಅಜ್ಜಿಗೆ ಕಾಲು ತಣ್ಣಗಾಗುತ್ತಿತ್ತು, ಮಗಳು ಮನೆಯಿಂದ ತಂದುಕೊಟ್ಟ ಹಳೇ ಹೀಟರನ್ನು ಮಂಚದ ಕೆಳಗಿಟ್ಟು ಹಚ್ಚುತ್ತಿದ್ದಳು. ಅದರ ಕರೆಂಟು ಇಸಿಜಿಯ ಗೆರೆಯನ್ನು ಕುಣಿಸುತ್ತಿತ್ತು, ಯಂತ್ರಕ್ಕೆ ಏನೂ ಆಗಿರಲಿಲ್ಲ. "ಸ್ಕ್ರೂಡ್ರೈವರ್ ಕೈಗೆ ತೆಗೆದುಕೊಳ್ಳುವ ಮೊದಲು ಮೆಟ್ಟಿಲು ಹತ್ತಬೇಕು" ಎಂದರು ಪಾರ್ಕರ್. ಆ ಅಜ್ಜಿ ಮಾತ್ರ ಹೀಟರ್ ಕಿತ್ತುಕೊಂಡ ಪಾಪಿಗಳು ಎಂದು ನಮ್ಮಿಬ್ಬರನ್ನೂ ಚೆನ್ನಾಗಿ ಬೈದಳು.

ಪಾರ್ಕರ್ ಮಾಡಿಟ್ಟ ಇನ್ನೊಂದು ಪದ್ಧತಿಯಿತ್ತು. ಆಕ್ಸಿಮೀಟರ್ ರಿಪೇರಿ ಮಾಡಿದವನು ಅದನ್ನು ತನ್ನದೇ ಬೆರಳಿಗೆ ಸಿಕ್ಕಿಸಿಕೊಂಡು ನೋಡಿ ಸಹಿ ಹಾಕಬೇಕು. ಆಕ್ಸಿಮೀಟರ್ ಎಂದರೆ ಇವತ್ತು ಹೇಳಿಕೊಡಬೇಕಿಲ್ಲ, ಕೋವಿಡ್ ಕಾಲದಲ್ಲಿ ಎಲ್ಲರ ಮನೆಗೂ ಬಂತಲ್ಲ, ಬಟ್ಟೆ ಒಣಹಾಕುವ ಕ್ಲಿಪ್ಪಿನಂಥದ್ದು, ಅದೇ. ಕೆಂಪು ಬೆಳಕನ್ನೂ ಕಣ್ಣಿಗೆ ಕಾಣದ ಇನ್ನೊಂದು ಬೆಳಕನ್ನೂ ಬೆರಳಿನೊಳಗೆ ಹಾಯಿಸಿ, ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ಅಂದಾಜು ಮಾಡಿ ಅಂಕಿ ತೋರಿಸುತ್ತದೆ. ಆಗಿನವು ಡಬ್ಬಿಯಷ್ಟು ದೊಡ್ಡವಿದ್ದವು, ವೈರಿನ ತುದಿಗೆ ಕ್ಲಿಪ್ಪು. ನನ್ನ ಬೆರಳು ತೊಂಬತ್ತೆಂಟು ತೋರಿಸಿದರೆ ಯಂತ್ರ ಪಾಸು.

ಈ ಯಂತ್ರಗಳನ್ನೆಲ್ಲ ಮೇಲೆ ಕೆಳಗೆ ಸಾಗಿಸುತ್ತಿದ್ದವನು ಲೆನಾರ್ಡ್ ಎಂಬ ಪೋರ್ಟರ್. ಎಳೆಯ ವಯಸ್ಸಿಗೇ ಜಮೈಕಾದಿಂದ ಬಂದವನು, ಆಸ್ಪತ್ರೆಗೆ ಹತ್ತಿರದ ಹೇಸ್‌ನಲ್ಲಿ ಮನೆ. ಟ್ರಾಲಿಯ ಮೂತಿಯಿಂದಲೇ ಬಾಗಿಲು ತಳ್ಳಿ, "ಬಾಸ್, ಪೇಷಂಟ್ ಬಂದಿದ್ದಾನೆ!" ಎನ್ನುತ್ತಿದ್ದ. ಭಾರತಕ್ಕೂ ವೆಸ್ಟ್ ಇಂಡೀಸಿಗೂ ಕ್ರಿಕೆಟ್ ಇದ್ದ ದಿನ ನಮ್ಮ ವರ್ಕ್‌ಶಾಪಿನಲ್ಲಿ ಕೆಲಸ ಅಷ್ಟಕ್ಕಷ್ಟೇ.

ತೊಂಬತ್ತರ ದಶಕದ ನಡುವೆ ಒಂದು ಚಳಿಗಾಲ, ಲೆನಾರ್ಡ್ ತಾನೇ ಪೇಷಂಟಾದ. ಎದೆ ಕಟ್ಟಿ, ಜ್ವರ ಬಂದು, ತಾನು ದಿನಾ ಟ್ರಾಲಿ ತಳ್ಳುತ್ತಿದ್ದ ಎಮರ್ಜೆನ್ಸಿಗೆ ನಡೆದುಕೊಂಡೇ ಬಂದ. ಬೆರಳಿಗೆ ಕ್ಲಿಪ್ ಹಾಕಿದರು. ತೊಂಬತ್ನಾಲ್ಕು. ಪರವಾಗಿಲ್ಲ, ಮಾತ್ರೆ ಕೊಟ್ಟು ಮನೆಗೆ ಕಳಿಸೋಣ ಎಂದು ಅಲ್ಲಿದ್ದ ಕಿರಿಯ ಡಾಕ್ಟರ್ ಚೀಟಿ ಬರೆಯುತ್ತಿದ್ದ. ಲೆನಾರ್ಡ್ ಕೋಟಿನ ಗುಂಡಿ ಹಾಕಿಕೊಳ್ಳಲು ಹೋಗಿ, ಆಗದೆ, ಕೂತುಬಿಟ್ಟ.

ಆ ಹೊತ್ತಿಗೆ ಬೇರೆ ಯಾರನ್ನೋ ನೋಡಲು ಬಂದಿದ್ದರು ಡಾಕ್ಟರ್ ಎಸ್ತರ್ ಒಪೊಕು.

ಅವರ ಬಗ್ಗೆ ಸ್ವಲ್ಪ ಹೇಳಬೇಕು. ಘಾನಾದ ಕುಮಾಸಿ ಎಂಬ ಊರಿನವರು, ತೀವ್ರ ನಿಗಾ ಘಟಕದ ಕನ್ಸಲ್ಟೆಂಟ್, ಅಂದರೆ ಹಿರಿಯ ತಜ್ಞ ವೈದ್ಯೆ. ನಮ್ಮ ಆಸ್ಪತ್ರೆಯಲ್ಲಿ ಆ ಹುದ್ದೆಗೆ ಏರಿದ ಮೊದಲ ಕಪ್ಪು ವೈದ್ಯೆ. ಒಪೊಕು ಎನ್ನಲು ನಾಲಿಗೆ ಹೊರಳದವರೆಲ್ಲ ಅವರನ್ನು ಡಾಕ್ಟರ್ ಎಸ್ತರ್ ಮಾಡಿದ್ದರು, ನನ್ನನ್ನು ಮಿಸ್ಟರ್ ಹೈರ್ ಮಾಡಿದ ಹಾಗೆ. ಅವರೊಬ್ಬರು ಮಾತ್ರ ನನ್ನನ್ನು ಪೂರ್ತಿ ಹಿರೇಮಠ ಎಂದು ಕರೆಯುತ್ತಿದ್ದರು. ಒಂದು ಸಲ ನಾನು ಮಾನಿಟರ್ ಬದಲಿಸುತ್ತಿದ್ದಾಗ ಒಬ್ಬ ರೋಗಿ ಅವರನ್ನು ನೋಡಿ, "ಈ ಊಟದ ತಟ್ಟೆ ತೆಗೆದುಕೊಂಡು ಹೋಗಮ್ಮ" ಎಂದ. ಅವರು ತಟ್ಟೆ ತೆಗೆದು ಹೊರಗಿಟ್ಟು, ಕೈ ತೊಳೆದು ಬಂದು, "ಊಟ ಆಯ್ತಲ್ಲ, ಈಗ ನಿಮ್ಮ ಎದೆ ಪರೀಕ್ಷೆ ಮಾಡ್ತೀನಿ" ಎಂದರು. ಆತ ಹೊದಿಕೆಯೊಳಗೆ ಹೋಗಿ ಸೇರಿಕೊಂಡ. ನನಗೆ ಸಿಟ್ಟು ಬಂದಿತ್ತು. ಅವರಿಗೆ ಬಂದಿರಲಿಲ್ಲ ಅಂತಲ್ಲ, ಅದನ್ನು ಎಲ್ಲಿ ಖರ್ಚು ಮಾಡಬೇಕು ಎಂಬುದು ಅವರಿಗೆ ಗೊತ್ತಿತ್ತು.

ಎಮರ್ಜೆನ್ಸಿಯಲ್ಲಿ ಅವರು ಲೆನಾರ್ಡ್‌ನ ಮುಂದೆ ಮಂಡಿಯೂರಿ ಕೂತು, ಹೆಬ್ಬೆರಳಿನಿಂದ ಅವನ ಕೆಳತುಟಿಯನ್ನು ಕೆಳಗೆ ಎಳೆದು ಒಳಗಿನ ಬಣ್ಣ ನೋಡಿದರು. ಉಸಿರು ಸಾಲದಾದಾಗ ತುಟಿ, ಉಗುರು ನೀಲಿಗಟ್ಟುತ್ತವೆ ಎಂದು ಪುಸ್ತಕಗಳಲ್ಲಿದೆ. ಆದರೆ ಆ ಪುಸ್ತಕಗಳ ಚಿತ್ರದಲ್ಲಿರುವುದು ಬಿಳಿಯರ ತುಟಿ. ಕಪ್ಪು ಮೈಯವರಲ್ಲಿ ತುಟಿಯ ಒಳಗೆ ನೋಡಬೇಕು, ನಾಲಿಗೆ ನೋಡಬೇಕು ಎಂದು ಕುಮಾಸಿಯಲ್ಲಿ ಅವರಿಗೆ ಕಲಿಸಿದ್ದು ಒಬ್ಬ ಹಳೆಯ ವೈದ್ಯ. ಆ ಮೇಷ್ಟ್ರ ಬಳಿ ಯಂತ್ರಗಳೇ ಇರಲಿಲ್ಲವಂತೆ, ಇದ್ದದ್ದು ಕಣ್ಣು ಮತ್ತು ಕಿಟಕಿಯ ಬೆಳಕು.

ನೋಡಿದವರೇ ಮಣಿಕಟ್ಟಿನಲ್ಲಿ ನಾಡಿ ಹಿಡಿಯುವ ಕಡೆಯಿಂದ ರಕ್ತ ತೆಗೆದು ಪರೀಕ್ಷೆಗೆ ಓಡಿಸಿದರು. ಈ ಪರೀಕ್ಷೆ ಅಂದಾಜು ಮಾಡುವುದಿಲ್ಲ, ರಕ್ತವನ್ನೇ ಅಳೆಯುತ್ತದೆ. ಅಲ್ಲಿ ಬಂದದ್ದು ಎಂಬತ್ತೈದು. ಮನೆಗೆ ಹೋಗಿದ್ದರೆ ಲೆನಾರ್ಡ್ ಬೆಳಗಾಗುವುದರೊಳಗೆ ತೀರಿಕೊಳ್ಳುತ್ತಿದ್ದ.

ಅವನು ಬದುಕಿದ. ಅವನು ಇನ್ನೂ ಹಾಸಿಗೆಯಲ್ಲಿರುವಾಗಲೇ ಡಾಕ್ಟರ್ ಎಸ್ತರ್ ಆ ಆಕ್ಸಿಮೀಟರನ್ನು ಕಂಕುಳಲ್ಲಿಟ್ಟುಕೊಂಡು ನೆಲಮಾಳಿಗೆಗೆ ಇಳಿದು ಬಂದರು. ಕನ್ಸಲ್ಟೆಂಟುಗಳು ನಮ್ಮಲ್ಲಿಗೆ ಬರುತ್ತಿರಲಿಲ್ಲ, ಫೋನು ಮಾಡಿ ಬೈಯುತ್ತಿದ್ದರು.

"ಇದು ಸುಳ್ಳು ಹೇಳ್ತಾ ಇದೆ, ಹಿರೇಮಠ."

ಅದರ ಮೇಲೆ ನನ್ನದೇ ಸಹಿಯಿತ್ತು. ಅವರ ಎದುರಿಗೇ ನನ್ನ ಬೆರಳಿಗೆ ಸಿಕ್ಕಿಸಿದೆ. ತೊಂಬತ್ತೆಂಟು. "ಸರಿಯಾಗಿಯೇ ಇದೆಯಲ್ಲ, ಡಾಕ್ಟರ್."

"ಪರೀಕ್ಷೆ ಮಾಡುವಾಗ ಯಾರ ಬೆರಳಿಗೆ ಹಾಕಿ ನೋಡಿದಿರಿ?"

"ನನ್ನದಕ್ಕೆ. ಇಲ್ಲಾಂದ್ರೆ ಪಾರ್ಕರ್ ಅವರದಕ್ಕೆ."

"ಇದನ್ನ ತಯಾರು ಮಾಡಿದವರು ಯಾರ ಬೆರಳಿಗೆ ಹಾಕಿ ನೋಡಿದರು?"

ಅದು ನನಗೆ ಗೊತ್ತಿರಲಿಲ್ಲ. ಯಂತ್ರ ಬರೀ ಬೆಳಕನ್ನು ಅಳೆಯುತ್ತದೆ, ಚರ್ಮದ ಕಪ್ಪು ಬಣ್ಣವೂ ಆ ಬೆಳಕಿನಲ್ಲಿ ಒಂದಿಷ್ಟನ್ನು ಹೀರುತ್ತದೆ. ಇಷ್ಟು ಬೆಳಕಿಗೆ ಇಷ್ಟು ಆಮ್ಲಜನಕ ಎಂಬ ಕೋಷ್ಟಕವನ್ನು ಯಾರೋ ಮನುಷ್ಯರ ಮೇಲೆ ಪ್ರಯೋಗ ಮಾಡಿ ಒಳಗೆ ತುಂಬಿಸಿರುತ್ತಾರೆ. ಅವರು ಯಾರು ಎಂದು ಅಷ್ಟು ವರ್ಷ ನಾನೂ ಕೇಳಿರಲಿಲ್ಲ, ಪಾರ್ಕರೂ ಕೇಳಿರಲಿಲ್ಲ. ತಯಾರಕರನ್ನು ಕೇಳಿದಾಗ "ಆರೋಗ್ಯವಂತ ವಯಸ್ಕರು" ಎಂಬ ಸಭ್ಯ ಉತ್ತರ ಬಂತು.

ನನಗೆ ಹಟ ಹುಟ್ಟಿತು. ಯಂತ್ರವನ್ನು ಎತ್ತಿಕೊಂಡು ಕ್ಯಾಂಟೀನಿಗೆ ಹೋದೆ. ನೈಜೀರಿಯಾದ ನರ್ಸುಗಳು, ಸೋಮಾಲಿಯಾದಿಂದ ಬಂದ ಕ್ಲೀನರುಗಳು, ಅಡುಗೆಮನೆಯ ಗಯಾನಾದ ಹೆಂಗಸು, ಎಲ್ಲರ ಬೆರಳಿಗೂ ಸಿಕ್ಕಿಸಿದೆ. ಭವಿಷ್ಯ ಹೇಳುವವನು ಬಂದಿದ್ದಾನೆ ಎಂದುಕೊಂಡು ಕೆಲವರು ಅಂಗೈ ಚಾಚಿದರು. ಎಲ್ಲರದೂ ತೊಂಬತ್ತೇಳು, ತೊಂಬತ್ತೆಂಟು. ಗೆದ್ದವನ ಹಾಗೆ ಡಾಕ್ಟರ್ ಎಸ್ತರ್ ಬಳಿ ಹೋಗಿ ವರದಿ ಒಪ್ಪಿಸಿದೆ.

ಅವರು ನಗಲಿಲ್ಲ. ಕುರ್ಚಿ ತೋರಿಸಿ ಕೂರಿಸಿದರು. "ಹಿರೇಮಠ, ಅವರೆಲ್ಲ ಊಟ ಮಾಡ್ತಾ ಇದ್ದವರು. ಆರೋಗ್ಯವಾಗಿದ್ದವರ ಹತ್ತಿರ ಇದು ಸುಳ್ಳು ಹೇಳೋದಿಲ್ಲ. ಆಮ್ಲಜನಕ ಕೆಳಗಿಳಿದಾಗ ಹೇಳುತ್ತೆ. ಕೆಳಗಿಳಿದವರ ಬೆರಳು ಬೇಕು ನಮಗೆ."

ಮತ್ತೆ ಅದೇ ಪಾಠ. ಸ್ಕ್ರೂಡ್ರೈವರ್ ಇಟ್ಟು ಮೆಟ್ಟಿಲು ಹತ್ತಬೇಕಿತ್ತು, ನಾನು ಕ್ಯಾಂಟೀನಿಗೆ ಹೋಗಿದ್ದೆ.

ನಾನೇ ಕಡಿಮೆ ಆಮ್ಲಜನಕ ಉಸಿರಾಡುತ್ತೇನೆ, ನೀವು ಅಳೆಯಿರಿ ಎಂದು ಮೊದಲು ಡಾಕ್ಟರ್ ಎಸ್ತರ್ ಮುಂದೆ ಬಂದರು. ಆಸ್ಪತ್ರೆಯ ನೈತಿಕ ಸಮಿತಿ ಬೇಡವೆಂದಿತು. ಆಮೇಲೆ ಸರಳವಾದ ದಾರಿ ಹಿಡಿದರು. ಅವರ ಘಟಕದಲ್ಲಿ ರೋಗಿಗಳ ಮಣಿಕಟ್ಟಿನಿಂದ ರಕ್ತ ತೆಗೆಯುವುದು ದಿನನಿತ್ಯದ ಕೆಲಸ. ರೋಗಿಯದೋ ಮನೆಯವರದೋ ಒಪ್ಪಿಗೆ ಪಡೆದು, ರಕ್ತ ತೆಗೆದ ಅದೇ ಕ್ಷಣದಲ್ಲಿ ಆಕ್ಸಿಮೀಟರ್ ಏನು ತೋರಿಸುತ್ತಿದೆ ಎಂಬುದನ್ನೂ ಬರೆದಿಡುವುದು. ಯಂತ್ರಗಳು ಸರಿಯಾಗಿವೆ ಎಂದು ನೋಡಿಕೊಳ್ಳುವುದು ನನ್ನ ಪಾಲಿಗೆ ಬಂತು.

ತಿಂಗಳುಗಟ್ಟಲೆ ಬರೆದೆವು. ಆದರೆ ಲೆಕ್ಕ ಹಾಕಿದರೆ ಎಲ್ಲ ಕಲಸುಮೇಲೋಗರ. ರೋಗಿಗಳನ್ನು ನಾವು ವಿಂಗಡಿಸಿದ್ದು ಆಸ್ಪತ್ರೆಯ ಅರ್ಜಿಯ ಪ್ರಕಾರ, ಅದರಲ್ಲಿ ಗುರುತು ಹಾಕಲು ಇದ್ದದ್ದು ಬಿಳಿಯ, ಕಪ್ಪು, ಏಷ್ಯನ್ ಎಂಬ ಮೂರು ಮನೆ. ಏಷ್ಯನ್ ಎಂಬ ಒಂದೇ ಮನೆಯಲ್ಲಿ ಹಾಲುಬಣ್ಣದ ಕಾಶ್ಮೀರಿ ಅಜ್ಜನೂ ಇದ್ದ, ನನಗಿಂತ ಎರಡು ಪಟ್ಟು ಕಪ್ಪಗಿದ್ದ ಜಾಫ್ನಾದ ಅಂಗಡಿಯವರೂ ಇದ್ದರು. ಒಬ್ಬರಿಗೆ ಯಂತ್ರ ನಿಜ ಹೇಳುತ್ತಿತ್ತು, ಇನ್ನೊಬ್ಬರಿಗೆ ಸುಳ್ಳು. ಕೂಡಿಸಿದರೆ ಏನೂ ಕಾಣುತ್ತಿರಲಿಲ್ಲ. ಡಾಕ್ಟರ್ ಎಸ್ತರ್ ಮೊದಲ ಬಾರಿ ಸೋತವರಂತೆ ಕಂಡರು.

ಗ್ರೀನ್‌ಫರ್ಡ್‌ನ ನಮ್ಮ ಮನೆಗೆ ಬಂದು ಊಟಕ್ಕೆ ಕೂತೆ. ಶಕುಂತಲಾ, ನನ್ನ ಹೆಂಡತಿ, ಬಡಿಸುತ್ತಾ ಕೇಳಿದಳು: "ಏನ್ರೀ, ರೊಟ್ಟಿ ಬಿಟ್ಟು ಬೆರಳ ನೋಡ್ಕೋತ ಕುಂತೀರಲ್ಲ?"

ಹೇಳಿದೆ. ಕೇಳಿಸಿಕೊಂಡವಳು ಸೌಟು ಕೆಳಗಿಟ್ಟಳು. "ಇಷ್ಟ ಏನು? ಮೂರ ಬಣ್ಣ ಅಂದ್ರ ಹ್ಯಾಂಗ ಆಗ್ತದ? ನನ್ನ ನೋಡಾಕ ಬಂದಾಗ ನಿಮ್ಮ ಸ್ವಾದರತ್ತಿ ಏನಂದಿದ್ರು? ಹುಡುಗಿ ಸಾದಗಪ್ಪು ಅಂತ. ಅದಕ್ಕೂ ಮೊದಲ ಬಂದಾವ್ರು ಎಣ್ಣೆಗಪ್ಪು ಅಂದು ಎದ್ದು ಹೋದ್ರು. ನಮ್ಮ ತಂಗಿ ಗೋಧಿಬಣ್ಣ, ಆಕೀದು ಒಂದ ವಾರದಾಗ ಗಟ್ಟಿ ಆತು. ಕಡುಗಪ್ಪು ಬ್ಯಾರೆ, ಎಣ್ಣೆಗೆಂಪು ಬ್ಯಾರೆ. ನಮ್ಮ ಮಂದಿ ಪರದೇದ ಸಂದಿಯೊಳಗಿಂದ ನೋಡಿ ಹೇಳ್ತಾರ. ನಿಮ್ಮ ಡಾಕ್ಟರಮ್ಮಗ ಹೇಳ್ರಿ."

ತಮಾಷೆಗೇ ಹೇಳಿದ್ದಳು, ಆದರೆ ದನಿಯಲ್ಲಿ ಹಳೆಯ ನೋವಿತ್ತು. ಎದ್ದು ಹೋದವರನ್ನು ಅವಳು ಇಪ್ಪತ್ತು ವರ್ಷವಾದರೂ ಮರೆತಿರಲಿಲ್ಲ.

ಮರುದಿನ ಡಾಕ್ಟರ್ ಎಸ್ತರ್‌ಗೆ ಹೇಳಿದಾಗ ಅವರು ಟೇಬಲ್ ತಟ್ಟಿ ನಕ್ಕರು. "ಮಷೀನ್ ಮಾಡಿದವರಿಗಿಂತ ನಿಮ್ಮ ಅತ್ತೆಯಂದಿರೇ ವಾಸಿ! ಹೆಂಡತಿಯನ್ನ ಕರ್ಕೊಂಡು ಬನ್ನಿ."

ಶನಿವಾರ ಇಬ್ಬರೂ ಹೆಂಗಸರು ನನ್ನನ್ನೂ ಎಳೆದುಕೊಂಡು ಮನೆ ಸಾಮಾನಿನ ದೊಡ್ಡ ಅಂಗಡಿಗೆ ಹೋದರು. ಗೋಡೆಗೆ ಬಳಿಯುವ ಪೇಂಟಿನ ವಿಭಾಗದಲ್ಲಿ ಬಣ್ಣದ ಮಾದರಿ ಚೀಟಿಗಳನ್ನು ಪುಕ್ಕಟೆ ಇಟ್ಟಿರುತ್ತಾರಲ್ಲ, ಅವನ್ನು ಆರಿಸಲು. ಶಕುಂತಲಾ ತನ್ನ ಕೈ ಪಕ್ಕದಲ್ಲಿಟ್ಟು ನೋಡುವುದು, ಡಾಕ್ಟರ್ ಎಸ್ತರ್ ತಮ್ಮ ಕೈ ಇಡುವುದು, ನನ್ನನ್ನು ಕರೆದು ನನ್ನ ಕೈ ಇಡಿಸುವುದು. ಯಾವ ಕೋಣೆಗೆ ಮೇಡಂ, ಎಂದು ಅಂಗಡಿಯ ಹುಡುಗಿ ಕೇಳಿದಳು. ಹಾಲುಬಣ್ಣದಿಂದ ಕಡುಗಪ್ಪಿನವರೆಗೆ ಚೀಟಿಗಳನ್ನು ಒಂದು ರಟ್ಟಿಗೆ ಸಾಲಾಗಿ ಅಂಟಿಸಿದರು. ಅಂದಿನಿಂದ ಯಾವ ದೇಶದವರು ಎಂದು ಯಾರೂ ಬರೆಯಲಿಲ್ಲ. ಆ ರಟ್ಟನ್ನು ರೋಗಿಯ ಬೆರಳ ಪಕ್ಕ ಹಿಡಿದು, ಯಾವ ಚೀಟಿಗೆ ಹೊಂದುತ್ತದೆ ಎಂದು ಬರೆದೆವು. ಎಲ್ಲ ಮತ್ತೆ ಮೊದಲಿನಿಂದ.

ಈ ಸಲ ಕಂಡಿತು. ರಟ್ಟಿನ ಮೇಲೆ ಬಣ್ಣ ಕಪ್ಪಾದಂತೆಲ್ಲ, ಆಮ್ಲಜನಕ ಇಳಿದ ರೋಗಿಗಳಲ್ಲಿ ಯಂತ್ರ ಇರುವುದಕ್ಕಿಂತ ಹೆಚ್ಚು ತೋರಿಸುತ್ತಿತ್ತು. ನನ್ನ ಬಣ್ಣದವರಲ್ಲಿ ಸ್ವಲ್ಪ, ಶಕುಂತಲೆಯ ಬಣ್ಣದವರಲ್ಲಿ ಇನ್ನೊಂದಿಷ್ಟು, ಲೆನಾರ್ಡ್‌ನ ಬಣ್ಣದವರಲ್ಲಿ ಕೆಲವೊಮ್ಮೆ ಹೆದರಿಕೆ ಹುಟ್ಟಿಸುವಷ್ಟು. ಯಂತ್ರ ಕೆಟ್ಟಿರಲಿಲ್ಲ, ಹುಟ್ಟಿದಾಗಿನಿಂದಲೇ ಹಾಗಿತ್ತು. ಮನೆಗೆ ಬಂದು ಹೇಳಿದೆ. ಶಕುಂತಲಾ ಒಲೆ ಆರಿಸಿ ಬಂದು ಎದುರಿಗೆ ಕೂತಳು. ಆಮೇಲೆ, "ಆ ಎಣ್ಣೆಗಪ್ಪಿನ ಮಾತು ಒಂದ ಸಲನಾದ್ರೂ ಒಳ್ಳೇದಕ್ಕ ಬಂತು ನೋಡ್ರಿ" ಎಂದು ಕಣ್ಣೊರೆಸಿಕೊಂಡಳು.

ಕಂಡದ್ದು ಸಾಲದು, ಆಸ್ಪತ್ರೆ ಒಪ್ಪಬೇಕಿತ್ತು. ಡಾಕ್ಟರ್ ಎಸ್ತರ್ ಕೇಳಿದ್ದು ಇಷ್ಟೇ: ಮೈಬಣ್ಣ ಕಪ್ಪಗಿರುವ ರೋಗಿಗೆ ಉಸಿರಾಟ ಕಷ್ಟವಾಗಿದ್ದರೆ ಅಂಕಿಯೊಂದನ್ನೇ ನಂಬಿ ಮನೆಗೆ ಕಳಿಸಬಾರದು. ತುಟಿಯ ಒಳಗೆ ನೋಡಬೇಕು, ಅನುಮಾನ ಬಂದರೆ ಮಣಿಕಟ್ಟಿನ ರಕ್ತ ಪರೀಕ್ಷಿಸಬೇಕು. ಇದು ಇಡೀ ಆಸ್ಪತ್ರೆಯ ನಿಯಮವಾಗಬೇಕು.

ಒಪ್ಪಬೇಕಾದವರು ಹಿರಿಯ ವೈದ್ಯ ಹಾರ್ಡಿಂಗ್. ಕೆಟ್ಟವರೇನಲ್ಲ, ಒಳ್ಳೆಯ ವೈದ್ಯರೇ. ಆದರೆ ಹೊಸದೇನಾದರೂ ಹೇಳಿದರೆ ಅವರ ಹುಬ್ಬು ಮೊದಲು ಏಳುತ್ತಿತ್ತು. ಸಭೆಯಲ್ಲಿ ಹಾಳೆಗಳನ್ನು ತಿರುವಿ ಹಾಕಿ, "ಡಾಕ್ಟರ್ ಒಪೊಕು, ಒಂದೆರಡು ಅಂಕಿ ಆಚೀಚೆ ಆಗೋದಕ್ಕೆ ಇಷ್ಟು ಗಲಾಟೆಯಾ? ಎಲ್ಲರ ಕೈಗೂ ಸೂಜಿ ಚುಚ್ಚೋಣ ಅಂತೀರಾ?" ಎಂದರು.

ಕೋಣೆಯಲ್ಲಿ ಕೆಲವರು ನಕ್ಕರು. ಅವತ್ತು ಹಾರ್ಡಿಂಗ್ ಬೇಡವೆಂದಿದ್ದರೆ ಆ ಮಾತು ಮತ್ತೆ ಏಳಲು ವರ್ಷಗಳಾಗುತ್ತಿದ್ದವು, ಆ ವರ್ಷಗಳಲ್ಲಿ ಇನ್ನೆಷ್ಟು ಜನ ಚೀಟಿ ಹಿಡಿದು ಮನೆಗೆ ಹೋಗುತ್ತಿದ್ದರೋ.

ಲೆನಾರ್ಡ್ ಆ ಹೊತ್ತಿಗೆ ಕೆಲಸಕ್ಕೆ ಮರಳಿದ್ದ. ಸಭೆಗೆ ಪ್ರೊಜೆಕ್ಟರ್ ತಂದುಕೊಟ್ಟವನು ಅವನೇ, ವಾಪಸು ಒಯ್ಯಲು ಬಾಗಿಲ ಬಳಿ ಟ್ರಾಲಿ ಹಿಡಿದು ಕಾಯುತ್ತಿದ್ದ. ಡಾಕ್ಟರ್ ಎಸ್ತರ್ ಪರದೆಯ ಕಡೆ ತಿರುಗಲಿಲ್ಲ. "ಆ ಅಂಕಿ ಅಲ್ಲಿ ಬಾಗಿಲ ಹತ್ತಿರ ನಿಂತಿದೆ, ಡಾಕ್ಟರ್ ಹಾರ್ಡಿಂಗ್" ಎಂದರು.

ಎಲ್ಲರೂ ತಿರುಗಿ ನೋಡಿದರು. ಹಾರ್ಡಿಂಗ್‌ಗೆ ಅವನು ವರ್ಷಗಳಿಂದ ಪರಿಚಯ, ದಿನಾ ಬೆಳಿಗ್ಗೆ ಲಿಫ್ಟಿನಲ್ಲಿ ಸಿಗುವವನು.

"ಅದು ನೀನಾ, ಲೆನಾರ್ಡ್?"

"ಹೌದು ಡಾಕ್ಟರ್. ಕೋಟು ಹಾಕ್ಕೊಳ್ತಾ ಇದ್ದೆ."

ಹಾರ್ಡಿಂಗ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬಳಿಕ ಒಂದೊಂದೇ ಹಾಳೆಯನ್ನು ಮೊದಲಿನಿಂದ ಓದಲು ಶುರುಮಾಡಿದರು. ನಾವೆಲ್ಲ ಕಾಯುತ್ತಾ ಕೂತೆವು, ಚಹಾ ಆರಿಹೋಯಿತು. ಮುಗಿಸಿ, "ನಿಯಮ ಬರೆಯಿರಿ. ಮೊದಲ ತರಬೇತಿ ನನ್ನ ವಾರ್ಡಿನಲ್ಲೇ ಆಗಲಿ" ಎಂದರು. ನಾನು ಅವರ ಬಗ್ಗೆ ಅಂದುಕೊಂಡಿದ್ದನ್ನೆಲ್ಲ ಮನಸ್ಸಿನಲ್ಲೇ ಅರ್ಧ ವಾಪಸು ತೆಗೆದುಕೊಂಡೆ.

ಹೀಗೆ ನಿಯಮ ಬಂತು. ಅದರಿಂದ ಜಗತ್ತೇನೂ ಬದಲಾಗಲಿಲ್ಲ. ಡಾಕ್ಟರ್ ಎಸ್ತರ್ ಒಂದೆರಡು ಸಮ್ಮೇಳನಗಳಲ್ಲಿ ಮಾತಾಡಿದರು, ಅರ್ಧ ತುಂಬಿದ ಕೋಣೆಗಳಲ್ಲಿ. ಯಂತ್ರಗಳು ಪೂರ್ತಿ ಸರಿಯಾಗುವುದು ಇನ್ನೂ ಬಾಕಿಯಿದೆ, ಅದನ್ನು ಮಾಡಬೇಕಾದವರು ಈ ಬರಹ ಓದುತ್ತಿರುವ ನೀವು. ಆದರೆ ನಮ್ಮ ಆಸ್ಪತ್ರೆಯಲ್ಲಿ ಬದಲಾವಣೆ ಕಣ್ಣಿಗೆ ಕಾಣುತ್ತಿತ್ತು. ಎರಡು ಸಾವಿರದ ಇಸವಿ ದಾಟುವ ಹೊತ್ತಿಗೆ ಆಫ್ರಿಕಾ, ಕೆರಿಬಿಯನ್ ಮೂಲದ ಎಳೆಯ ವೈದ್ಯರು ಸಾಲಾಗಿ ಬರತೊಡಗಿದ್ದರು, ಅವರಲ್ಲಿ ಅರ್ಧಕ್ಕರ್ಧ ಡಾಕ್ಟರ್ ಎಸ್ತರ್ ಕೈಯಲ್ಲೇ ಕಲಿಯಬೇಕೆಂದು ಹಟ ಹಿಡಿದವರು. ಊಟದ ತಟ್ಟೆ ಎತ್ತಲು ಅವರಿಗೆ ಯಾರೂ ಹೇಳುತ್ತಿರಲಿಲ್ಲ. ಹೇಳಿದರೂ ಆ ಮಕ್ಕಳು ಡಾಕ್ಟರ್ ಎಸ್ತರ್ ಅವರಷ್ಟು ತಾಳ್ಮೆಯವರಾಗಿರಲಿಲ್ಲ.

ನಮ್ಮ ಕೆಲಸವೂ ಬದಲಾಯಿತು. ಬೆಸುಗೆ ಹಾಕುವುದು ಹೋಯಿತು, ಕೆಟ್ಟ ಬೋರ್ಡನ್ನೇ ತೆಗೆದು ಹೊಸದು ಹಾಕುವುದು ಬಂತು. ಕೊನೆಕೊನೆಗೆ ಬಿಚ್ಚಲೇ ಬಾರದಂತೆ ಸೀಲು ಹಾಕಿದ ಯಂತ್ರಗಳು ಬಂದವು. ಪಾರ್ಕರ್ ನಿವೃತ್ತರಾದರು. ಡಾಕ್ಟರ್ ಎಸ್ತರ್ ಕುಮಾಸಿಗೆ ಮರಳಿದರು, ತಾವು ಕಲಿತ ಕಾಲೇಜಿನಲ್ಲೇ ಕಲಿಸಲು. ಹೋಗುವಾಗ ಬಣ್ಣದ ರಟ್ಟನ್ನು ಶಕುಂತಲೆಗೆ ಕೊಟ್ಟರು. ಅದು ನಮ್ಮ ಅಡುಗೆಮನೆಯ ಗೋಡೆಯ ಮೇಲಿದೆ, ಬಂದವರು ಮನೆಗೆ ಬಣ್ಣ ಹೊಡೆಸುತ್ತಿದ್ದೀರಾ ಎಂದು ಕೇಳುತ್ತಾರೆ.

ನಾನು ನಿವೃತ್ತನಾಗುವ ಹಿಂದಿನ ಚಳಿಗಾಲದಲ್ಲಿ ಲೆನಾರ್ಡ್‌ನ ಮಗಳು ಫೋನು ಮಾಡಿದಳು. ಅವನು ಆಗಲೇ ನಿವೃತ್ತನಾಗಿ ಮನೆಯಲ್ಲಿದ್ದ, ಮತ್ತೆ ಎದೆ ಕಟ್ಟಿತ್ತು, ಎಮರ್ಜೆನ್ಸಿಗೆ ಕರೆತಂದಿದ್ದಳು. ನಾನು ನೆಲಮಾಳಿಗೆಯಿಂದ ಮೆಟ್ಟಿಲು ಹತ್ತಿ ಓಡಿದೆ. ಲೆನಾರ್ಡ್ ಹಾಸಿಗೆಯ ಮೇಲೆ ಬೆನ್ನು ಬಾಗಿಸಿ ಕೂತಿದ್ದ. ಬೆರಳಿಗೆ ಕ್ಲಿಪ್. ತೊಂಬತ್ತೈದು. ಎದುರಿಗೆ ನಾನು ಹಿಂದೆಂದೂ ನೋಡಿರದ ಎಳೆಯ ವೈದ್ಯೆ, ಚಿನ್ನದ ಬಣ್ಣದ ಕೂದಲು, ಮಾತಿನಲ್ಲಿ ಸ್ಕಾಟ್ಲೆಂಡಿನ ಧಾಟಿ. ಅವಳು ಅಂಕಿ ನೋಡಿದಳು. ನಾನು ಹೇಳಬೇಕೆಂದು ಬಾಯಿ ತೆರೆದೆ.

ಅಷ್ಟರಲ್ಲಿ ಅವಳು ಮಂಡಿಯೂರಿ ಕೂತು, ಹೆಬ್ಬೆರಳಿನಿಂದ ಲೆನಾರ್ಡ್‌ನ ಕೆಳತುಟಿಯನ್ನು ಮೆಲ್ಲಗೆ ಎಳೆದು ಒಳಗೆ ನೋಡಿದಳು. ನರ್ಸ್ ಕಡೆ ಕೈ ಚಾಚಿ ಸಿರಿಂಜು ಕೇಳಿದಳು. ಲೆನಾರ್ಡ್ ಯಾರೂ ಹೇಳದೆಯೇ ಮಣಿಕಟ್ಟು ಮೇಲೆ ಮಾಡಿ ಹಿಡಿದು, ನನ್ನ ಕಡೆ ನೋಡಿ ಕಣ್ಣು ಹೊಡೆದ.

ಅವನಿಗೆ ಆಮ್ಲಜನಕ ಕೊಟ್ಟು, ಉಸಿರು ಹದಕ್ಕೆ ಬಂದ ಮೇಲೆ ನಾನು ಅವಳನ್ನು ಕೇಳಿದೆ: "ತುಟಿಯ ಒಳಗೆ ನೋಡಬೇಕು ಅಂತ ನಿಮಗೆ ಯಾರು ಕಲಿಸಿದರು, ಡಾಕ್ಟರ್?"

ಅವಳಿಗೆ ಪ್ರಶ್ನೆಯೇ ವಿಚಿತ್ರ ಅನಿಸಿರಬೇಕು. "ಯಾರೂ ಅಂತ ಇಲ್ಲ. ಇಲ್ಲಿ ಎಲ್ರೂ ಹಾಗೇ ನೋಡ್ತಾರೆ" ಎಂದು ಮುಂದಿನ ಹಾಸಿಗೆಗೆ ಹೋದಳು.

ಸಂಜೆ ಮನೆಗೆ ಬಂದು ಕುಮಾಸಿಗೆ ಫೋನು ಮಾಡಿದೆ. ಶಕುಂತಲಾ ಪಕ್ಕದಲ್ಲೇ ಕಿವಿಗೊಟ್ಟು ನಿಂತಿದ್ದಳು. ಲೆನಾರ್ಡ್ ಚೆನ್ನಾಗಿದ್ದಾನೆ ಎಂದು ಮೊದಲು ಹೇಳಿ, ನಡೆದದ್ದೆಲ್ಲ ಹೇಳಿದೆ.

"ಎಲ್ರೂ?" ಎಂದರು ಡಾಕ್ಟರ್ ಎಸ್ತರ್. "ಹಾಗಂದಳಾ ಆ ಹುಡುಗಿ?"

"ಹೌದು. ಇಲ್ಲಿ ಎಲ್ರೂ ಹಾಗೇ ನೋಡ್ತಾರೆ, ಅಂದಳು."

"ಅವಳಿಗೆ ನನ್ನ ಹೆಸರು ಗೊತ್ತಾ?"

"ಇಲ್ಲ ಡಾಕ್ಟರ್."

ಅವರು ಗಟ್ಟಿಯಾಗಿ ನಕ್ಕರು. ನಗುತ್ತಾ ನಗುತ್ತಾ ದನಿ ಒದ್ದೆಯಾಯಿತು.

"ಇನ್ನೊಂದು ಸಲ ಹೇಳಿ, ಹಿರೇಮಠ."

ನಾನು ಇನ್ನೊಂದು ಸಲ ಹೇಳಿದೆ.